ಕ್ಲಾಪ್ ಒಮ್ಮೆಲೇ ಕೋಚ್ ಆದದ್ದು ಹೇಗೆ?

ಪ್ರಶ್ನೆ: ಯೂರ್ಗನ್ ಕ್ಲಾಪ್ ಜರ್ಮನಿಯ ಫುಟ್‌ಬಾಲ್ ಕ್ಲಬ್ ಮೈನ್ಜ಼್‌ನಲ್ಲಿ ಆಡುತ್ತಿದ್ದವರು, ಸಹಾಯಕ ಕೋಚ್ ಕೂಡ ಆಗಿರಲಿಲ್ಲ. 2001ರಲ್ಲಿ ನೇರವಾಗಿ ಮುಖ್ಯ ಕೋಚ್ ಮಾಡಿದ್ದು ಯಾವ ಧೈರ್ಯದ ಮೇಲೆ?

ಉತ್ತರ: ಆಗ ತಂಡ ಎರಡನೇ ದರ್ಜೆಯಿಂದಲೂ ಕೆಳಗೆ ಬೀಳುವ ಹಂತದಲ್ಲಿತ್ತು, ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ಸ್ಟ್ರೈಕರ್ ಆಗಿ ಬಂದು ಡಿಫೆನ್ಸ್‌ಗೆ ಇಳಿದವರು ಕ್ಲಾಪ್. ಎರಡೂ ತುದಿಯ ಆಟ ಗೊತ್ತಿತ್ತು. ಅದಕ್ಕಿಂತ ಮುಖ್ಯ, ಕೋಚ್ ವೋಲ್ಫ್‌ಗಾಂಗ್ ಫ್ರಾಂಕ್ ಕೈಕೆಳಗಿನ ಪಾಠ. ಜರ್ಮನಿಯ ಬಹುತೇಕ ತಂಡಗಳು ಲಿಬೆರೊ (ಡಿಫೆನ್ಸ್ ಸಾಲಿನ ಹಿಂದೆ ಒಬ್ಬನೇ ನಿಲ್ಲುವ ಆಟಗಾರ) ಬಿಡದಿದ್ದ 1990ರ ದಶಕದಲ್ಲೇ ಫ್ರಾಂಕ್ ನಾಲ್ವರ ಡಿಫೆನ್ಸ್ ಸಾಲು, ಜೋನಲ್ ಮಾರ್ಕಿಂಗ್ (ಎದುರಾಳಿ ಆಟಗಾರನ ಬದಲು ಜಾಗ ಕಾಯುವ ಕ್ರಮ) ತಂದಿದ್ದರು.

ಇನ್ನೊಬ್ಬರ ಉತ್ತರ: ಸರಿ, ಆದರೆ ಆಮೇಲಿನ ದಾರಿ ಸಲೀಸಾಗಿರಲಿಲ್ಲ. 2002ರಲ್ಲಿ ಕೊನೆಯ ಪಂದ್ಯ ಯೂನಿಯನ್ ಬರ್ಲಿನ್ ಎದುರು 3–1ರಿಂದ ಸೋತು ಬಡ್ತಿ ತಪ್ಪಿತು. 2003ರಲ್ಲಿ ಒಂದೇ ಗೋಲಿನ ಅಂತರದಲ್ಲಿ ಮತ್ತೆ ತಪ್ಪಿತು! ಮೊದಲ ದರ್ಜೆಯಾದ ಬುಂಡೆಸ್‌ಲೀಗಾ ಸಿಕ್ಕಿದ್ದು 2004ರಲ್ಲಿ.

ಪ್ರಶ್ನೆ: ಕ್ಲಾಪ್ ಬಳಸಿದ, ಚೆಂಡು ಕಳೆದ ಕೂಡಲೇ ಮರಳಿ ಕಸಿಯುವ ತಂತ್ರವಾದ ಗೆಗೆನ್‌ಪ್ರೆಸಿಂಗ್ ಎಲ್ಲಿ ಕೈಕೊಡುತ್ತದೆ?

ಉತ್ತರ: ಚೆಂಡು ಹೋದ ಕ್ಷಣವೇ ಹತ್ತಿರದ ಇಬ್ಬರು ಮೂವರು ಮುಗಿಬೀಳಬೇಕು, ಉಳಿದವರು ಪಾಸ್ ಹೋಗುವ ದಾರಿ ಮುಚ್ಚಬೇಕು. ಮುಂದಿನವರು ನುಗ್ಗಿ ಹಿಂದಿನ ಸಾಲು ಮೇಲೆ ಬರದಿದ್ದರೆ ನಡುವೆ ದೊಡ್ಡ ಖಾಲಿ ಜಾಗ. ಒಂದು ಒಳ್ಳೆಯ ಪಾಸ್ ಸಾಕು, ಕಥೆ ಮುಗಿಯಿತು. ಎದುರಾಳಿ ಹಿಂದೆಯೇ ಕೂತು ಚೆಂಡನ್ನು ನಿಮಗೇ ಬಿಟ್ಟುಕೊಟ್ಟರೂ ಕಷ್ಟ. ಮುಂದೆ ಡೋರ್ಟ್‌ಮುಂಡ್ ಕ್ಲಬ್‌ನಲ್ಲಿ ಕ್ಲಾಪ್ ಕಳೆದ ಕೊನೆಯ ಸೀಸನ್ ನೋಡಿ.