ಸಭೆ ಬಿಟ್ಟರೆ ದೇವರನ್ನೂ ಬಿಟ್ಟ ಹಾಗಾ?

ಹುಮನಾಬಾದ್ ಕಡೆಯವಳು:

ಎಲ್ಲರಿಗೂ ವಂದನೆ. ನಮ್ಮದು ಹುಮನಾಬಾದ್ ಹತ್ತಿರದ ಹಳ್ಳಿ. ನಾನು ಕಲಬುರಗಿಯಲ್ಲಿ ಒಂದು ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಆಯಿ, ಮುತ್ಯಾ (ಅಜ್ಜಿ, ಅಜ್ಜ) ಮೆಥೋಡಿಸ್ಟ್ ಚರ್ಚಿನವರು. ನನಗೂ ಅಲ್ಲೇ ಸಣ್ಣ ಮಗುವಿದ್ದಾಗ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿತ್ತು. ಆಮೇಲೆ ಅಪ್ಪ ಅದನ್ನು ಬಿಟ್ಟು ಬೇರೆ ಒಂದು ಸಭೆ ಸೇರಿದರು. ಆಗ ಅವರು ವಿಪರೀತ ಕುಡಿಯುತ್ತಿದ್ದರು. ಸಭೆಯವರು ರಾತ್ರಿಯೆಲ್ಲ ನಮ್ಮ ಮನೆಯಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದರು, ಬೆಳಿಗ್ಗೆ ಅವರನ್ನು ಒಂಟಿಯಾಗಿ ಬಿಡದೆ ಹೊಲದವರೆಗೂ ಜೊತೆಗೆ ಹೋಗುತ್ತಿದ್ದರು. ಹಾಗೆ ಕುಡಿತ ಬಿಡಿಸಿದರು. ಆ ಉಪಕಾರ ನಾನು ಮರೆಯುವುದಿಲ್ಲ, ಅದಕ್ಕೇ ಮೊದಲೇ ಬರೆದೆ.

ಸಭೆಯಲ್ಲಿ ಬಂಗಾರ ಹಾಕುವಂತಿಲ್ಲ, ಹೂ ಮುಡಿಯುವಂತಿಲ್ಲ, ಮನೆಯಲ್ಲಿ ಟಿವಿ ಇಡುವಂತಿಲ್ಲ. ಇದೆಲ್ಲ ನನಗೆ ಕಷ್ಟ ಅನ್ನಿಸಿಲ್ಲ. ಕಷ್ಟವಾಗಿದ್ದು ಔಷಧಿ ವಿಷಯ. ನಮ್ಮ ಓಣಿಯ ಒಬ್ಬ ಅಕ್ಕನಿಗೆ ಶುಗರ್ ಇದೆ. ಮಾತ್ರೆ ಬಿಟ್ಟೆ, ಕರ್ತನೇ ವಾಸಿಮಾಡಿದ ಅಂತ ಅವರು ಸಭೆಯಲ್ಲಿ ಸಾಕ್ಷಿ ಹೇಳಿದರು. ಎಲ್ಲರೂ ಸ್ತೋತ್ರ ಸ್ತೋತ್ರ ಅಂದರು. ನಾನು ದಿನಾ ಎಚ್‌ಬಿಎ1ಸಿ ರಿಪೋರ್ಟ್ ನೋಡುವವಳು. ಎರಡು ಮೂರು ತಿಂಗಳು ರಕ್ತದಲ್ಲಿ ಸಕ್ಕರೆ ಎಷ್ಟಿತ್ತು ಅಂತ ಅದು ಹೇಳುತ್ತದೆ, ಯಾರ ಮುಖ ನೋಡಿಯೂ ಹೇಳುವುದಿಲ್ಲ. ಒಂದು ಸಲ ಪರೀಕ್ಷೆ ಮಾಡಿಸೋಣ ಅಕ್ಕ ಅಂದೆ. ಅಷ್ಟಕ್ಕೇ ಪಾಸ್ಟರ್ ನನ್ನನ್ನು ಕರೆಸಿ, ಪ್ರಶ್ನೆ ಕೇಳುವ ಆತ್ಮ ಸೈತಾನನದು ಅಂದರು. ಮುಂದಿನ ಭಾನುವಾರ ನಾನು ಹೋಗಲಿಲ್ಲ. ಸಭೆಯ ನಡುವೆ ನನ್ನ ಹೆಸರು ಹಿಡಿದು, ಹಿಂಜಾರಿದವಳು, ಅಂದರೆ ನಂಬಿಕೆಯಿಂದ ಜಾರಿದವಳು, ಅಂತ ಪ್ರಾರ್ಥನೆ ಮಾಡಿದರಂತೆ. ಅವ್ವ ಅಲ್ಲೇ ಕೂತಿದ್ದಳು.

ಈಗ ಅವ್ವನ ಭಯ ಎರಡು. ತಂಗಿಯ ಮದುವೆ ಯಾರು ಮಾಡಿಸುತ್ತಾರೆ? ನಾಳೆ ಸತ್ತರೆ ಮಣ್ಣು ಮಾಡಲು ಯಾರು ಬರುತ್ತಾರೆ? ನನ್ನ ಭಯ ಬೇರೆ. ರಾತ್ರಿ ರೂಮಿನಲ್ಲಿ ಸತ್ಯವೇದ ಓದುತ್ತೇನೆ, ಪ್ರಾರ್ಥನೆ ಮಾಡುತ್ತೇನೆ, ಯೇಸುಸ್ವಾಮಿ ಮೇಲಿನ ಪ್ರೀತಿ ಒಂದು ಚೂರೂ ಕಡಿಮೆಯಾಗಿಲ್ಲ. ಆದರೆ ಸಭೆಯಾಗಿ ಕೂಡುವುದನ್ನು ಬಿಡಬೇಡಿ ಅಂತ ಇಬ್ರಿಯರಿಗೆ 10:25ರಲ್ಲಿ ಇದೆಯಲ್ವಾ? ಅದನ್ನೇ ಎಲ್ಲರೂ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದಾರೆ. ಆಯಿಯ ಚರ್ಚಿಗೆ ವಾಪಸ್ ಹೋದರೆ ಮತ್ತೆ ದೀಕ್ಷಾಸ್ನಾನ ತೆಗೆದುಕೊಳ್ಳಬೇಕಾ? ದಯವಿಟ್ಟು ತಿಳಿದವರು ಹೇಳಿ.

ಬೀದರ್ ಮಾಸ್ತರ್:

ತಂಗಿ, ನಾನು ಬೀದರ್‌ನ ಮೆಥೋಡಿಸ್ಟ್ ಮನೆತನದವನು, ರಿಟೈರ್ ಆದ ಮೇಷ್ಟ್ರು. ಮೊದಲು ಆ ವಚನ. 25ನ್ನು ಮಾತ್ರ ಕಳಿಸುತ್ತಾರೆ, 24ನ್ನು ಯಾಕೆ ಬಿಡುತ್ತಾರೆ? ಪ್ರೀತಿಗೂ ಒಳ್ಳೆಯ ಕೆಲಸಕ್ಕೂ ಒಬ್ಬರನ್ನೊಬ್ಬರು ಹುರಿದುಂಬಿಸಿ ಅಂತ ಅಲ್ಲಿದೆ. ಕೂಡುವುದು ಅದಕ್ಕಾಗಿ. ಇಂಥದೇ ಸಭೆಯಲ್ಲಿ ಕೂಡಿ ಅಂತ ಎಲ್ಲಿಯೂ ಬರೆದಿಲ್ಲ. ನೀವು ಇನ್ನೊಂದು ಕಡೆ ಕೂಡಿದರೂ ಆ ಮಾತು ಪಾಲಿಸಿದ ಹಾಗೇ.

ಪ್ರಶ್ನೆ ಕೇಳುವುದು ಸೈತಾನನದು ಅನ್ನುವ ಮಾತಿಗೆ ಅಪೊಸ್ತಲರ ಕೃತ್ಯಗಳು 17:11 ಓದಿ. ಬೆರೋಯ ಊರಿನವರು ಅಪೊಸ್ತಲ ಪೌಲನ ಮಾತನ್ನೇ ಶಾಸ್ತ್ರದಲ್ಲಿ ದಿನಾ ಹುಡುಕಿ ನೋಡಿದರು, ನಿಜವೋ ಅಲ್ಲವೋ ಅಂತ. ಅದಕ್ಕೆ ಅವರನ್ನು ಬೈದಿಲ್ಲ, ಹೊಗಳಿದ್ದಾರೆ.

ಇನ್ನು ಔಷಧಿ. ಈ ವಿಷಯಕ್ಕೆ ನನಗೆ ಸಿಟ್ಟೇ ಬರುತ್ತದೆ. ಹಿಜ್ಕೀಯ ಅರಸ ಸಾಯುವ ಸ್ಥಿತಿಯಲ್ಲಿದ್ದಾಗ ಅತ್ತು ಪ್ರಾರ್ಥನೆ ಮಾಡಿದ, ದೇವರು ಕೇಳಿದ. ಅದೇ ಅಧ್ಯಾಯದಲ್ಲಿ, ಯೆಶಾಯ 38:21ರಲ್ಲಿ, ಹುಣ್ಣಿನ ಮೇಲೆ ಅಂಜೂರದ ಉಂಡೆ ಇಡಿ ಅಂತಲೂ ಪ್ರವಾದಿ ಹೇಳುತ್ತಾನೆ. ಪ್ರಾರ್ಥನೆಯೂ ಉಂಟು, ಮದ್ದೂ ಉಂಟು. ಲೂಕ ವೈದ್ಯ, ಕೊಲೊಸ್ಸೆಯವರಿಗೆ 4:14ರಲ್ಲಿ ಪೌಲ ಅವನನ್ನು ಪ್ರಿಯ ವೈದ್ಯ ಅಂತಲೇ ಕರೆಯುತ್ತಾನೆ. ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1747ರಲ್ಲಿ ಬಡವರಿಗಾಗಿ ಮದ್ದುಗಳ ಪುಸ್ತಕವನ್ನೇ ಬರೆದು ಪ್ರಕಟಿಸಿದವರು. ಅವರಿಗೂ ಚರ್ಚಿನ ಬಾಗಿಲುಗಳು ಮುಚ್ಚಿದ್ದವು. 1739ರಲ್ಲಿ ಬಯಲಲ್ಲಿ ನಿಂತು ಬೋಧನೆ ಶುರು ಮಾಡಿದರು, ಆದರೆ 1791ರಲ್ಲಿ ಸಾಯುವ ತನಕ ತಮ್ಮ ಹಳೆಯ ಚರ್ಚಿನ ಪಾದ್ರಿಯಾಗಿಯೇ ಉಳಿದರು. ಒಳಗೋ ಹೊರಗೋ ಅನ್ನುವ ಸಂಕಟ ನಿಮ್ಮೊಬ್ಬರದೇ ಅಲ್ಲ.

ಮೆಥೋಡಿಸ್ಟರಲ್ಲಿ ದೀಕ್ಷಾಸ್ನಾನ ಒಂದೇ ಸಲ. ಸಣ್ಣವರಿದ್ದಾಗ ಆಗಿದ್ದೇ ಸಾಕು. ಆಯಿಯ ಹೆಸರು, ಊರಿನ ಹೆಸರು ಹಿಡಿದು ಹೋಗಿ ಅಲ್ಲಿಯ ಪಾಸ್ಟರ್ ಜೊತೆ ಮಾತಾಡಿ, ಹಳೆಯ ರಿಜಿಸ್ಟರ್ ನೋಡಲು ಕೇಳಿ. ಮದುವೆ, ಮಣ್ಣಿನ ವಿಷಯವನ್ನೂ ಅವ್ವನ ಎದುರಿಗೇ ಕೇಳಿ. ನಾಚಿಕೆ ಬೇಡ. ನಮ್ಮ ಕಡೆ ಜನ ಸಭೆ ಬಿಡಲು ಹೆದರುವುದು ಜಾಸ್ತಿ ಇದಕ್ಕೇ. ಅದು ಸಣ್ಣ ಭಯ ಅಂತ ಯಾರೂ ತಳ್ಳಿಹಾಕಬಾರದು.

ಶಹಾಪುರ ಹುಡುಗ:

ಅಕ್ಕ, ನಾನು ಇಂಥದೇ ಒಂದು ಸಭೆಯಿಂದ ಹೊರಗೆ ಬಂದವನು. ಮಾಸ್ತರ್ ಹೇಳಿದ್ದು ಸರಿ, ಆದರೆ ವಚನ ಹಿಡಿದುಕೊಂಡು ಅಪ್ಪನ ಹತ್ತಿರ ವಾದಕ್ಕೆ ಹೋಗಬೇಡಿ. ನಿಮ್ಮ ಅಪ್ಪನಿಗೆ ಆ ಸಭೆ ಅಂದರೆ ಕುಡಿತದಿಂದ ಬದುಕಿ ಬಂದ ಜಾಗ. ಅದನ್ನು ನೀವು ತಪ್ಪು ಅಂದರೆ ಅವರಿಗೆ ತಾವು ಮತ್ತೆ ಬೀಳುತ್ತೇನೇನೋ ಅನ್ನುವ ಭಯ ಬರುತ್ತದೆ. ನೀವು ಅಲ್ಲೇ ಇರಿ ಅಪ್ಪ, ನನಗೆ ಮಾತ್ರ ಆಗುತ್ತಿಲ್ಲ ಅಂತ ಹೇಳಿ ನೋಡಿ. ನಮ್ಮ ಮನೆಯಲ್ಲಿ ಮಾತು ಉಳಿದಿದ್ದು ಹೀಗೆ.

ಇನ್ನೊಂದು ಯಾರೂ ಹೇಳುವುದಿಲ್ಲ. ಬಿಟ್ಟ ಮೇಲೆ ಬಹಳ ಕಾಲ ನನಗೆ ಪ್ರಾರ್ಥನೆಯೇ ಬರಲಿಲ್ಲ. ಬಾಯಿ ತೆಗೆದರೆ ಪಾಸ್ಟರ್ ಬಳಸುವ ಮಾತುಗಳೇ, ಅವರ ರಾಗವೇ ಬರುತ್ತಿತ್ತು. ದೇವರ ಹತ್ತಿರ ಹೋದರೆ ಅಲ್ಲಿಯೂ ಅವರೇ ನಿಂತ ಹಾಗೆ. ಆಗ ಸುಮ್ನೆ ಕೀರ್ತನೆ ಓದಿದೆ, ಅದರಲ್ಲೂ 88. ಕೊನೆಯವರೆಗೂ ಕತ್ತಲೆಯೇ ಇರುವ ಪ್ರಾರ್ಥನೆ ಅದು, ಆದರೂ ಸತ್ಯವೇದದಲ್ಲಿ ಜಾಗ ಸಿಕ್ಕಿದೆ. ನಿಮಗೆ ಪ್ರಾರ್ಥನೆ ಇನ್ನೂ ಬರುತ್ತಿದೆ ಅಂದರೆ ಅದು ದೊಡ್ಡದು. ಹೊಸ ಚರ್ಚಿಗೆ ಹೋದರೂ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ, ಹಾಡಿನ ತಂಡ, ಸಂಡೇ ಸ್ಕೂಲ್ ಅಂತ ತಕ್ಷಣ ಒಪ್ಪಿಕೊಳ್ಳಬೇಡಿ.

ಭಾಲ್ಕಿ ಸಹೋದರಿ:

ನಾನು ಈಗಲೂ ಕಟ್ಟುನಿಟ್ಟಿನ ಸಭೆಯಲ್ಲೇ ಇದ್ದೇನೆ, ಸಂತೋಷವಾಗಿಯೇ ಇದ್ದೇನೆ. ಎಲ್ಲ ಸಭೆಗಳೂ ಹಾಗಲ್ಲ. ನಮ್ಮ ಪಾಸ್ಟರ್ ತಾವೇ ಬಿಪಿ ಮಾತ್ರೆ ನುಂಗುತ್ತಾರೆ. ತಂಗಿ, ನಿನಗೆ ಆಗಿದ್ದು ನಮ್ಮ ಲೆಕ್ಕದಲ್ಲೂ ತಪ್ಪು. ಮತ್ತಾಯ 18:15-17ರಲ್ಲಿ ಕ್ರಮ ಇದೆ: ಮೊದಲು ಒಬ್ಬರೇ ಹೋಗಿ ಮಾತಾಡಬೇಕು, ಕೇಳದಿದ್ದರೆ ಇಬ್ಬರು ಮೂವರನ್ನು ಕರೆದುಕೊಂಡು ಹೋಗಬೇಕು, ಸಭೆಗೆ ಹೇಳುವುದು ಆಮೇಲೆ. ಅಲ್ಲಿ ಹೇಳಿರುವುದು ಪಾಪ ಮಾಡಿದವರಿಗೆ. ಪರೀಕ್ಷೆ ಮಾಡಿಸೋಣ ಅಂದಿದ್ದು ಯಾವ ಪಾಪ? ಆದರೂ ಬಿಡುವ ಮೊದಲು ಹಿರಿಯರ ಹತ್ತಿರ ಒಂದು ಸಲ ಮಾತಾಡು. ಎದ್ದು ಹೋಗುವುದು ಸುಲಭ, ನಿನ್ನಂಥವರು ಎಲ್ಲ ಎದ್ದು ಹೋದರೆ ಒಳಗಿರುವ ಆ ಅಕ್ಕನಂಥವರಿಗೆ ಯಾರಿದ್ದಾರೆ?

ಶಹಾಪುರ ಹುಡುಗ:

ಸುಲಭ ಅಲ್ಲ ಅಕ್ಕ. ಹಿರಿಯರ ಹತ್ತಿರ ಹೋಗುವುದಾದರೆ ಒಬ್ಬರೇ ಹೋಗಬೇಡಿ, ಅವ್ವನನ್ನೋ ಕಾಕಾನನ್ನೋ ಕರೆದುಕೊಂಡು ಹೋಗಿ.

ಕಲ್ಯಾಣದವ:

ನಾನು ಲಿಂಗಾಯತ, ಬಸವಕಲ್ಯಾಣ. ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ನಾವು ನಂಬಿಕೊಂಡಿದ್ದ ಒಂದು ಮಠದ ಜೊತೆ ನಮ್ಮ ಮನೆಯವರಿಗೆ ಮನಸ್ತಾಪ ಬಂತು. ಹೋಗುವುದು ನಿಂತಿತು. ಕೊರಳಲ್ಲಿರುವ ಲಿಂಗ ತೆಗೆದಿಟ್ಟಿಲ್ಲ, ದಿನಾ ಅಂಗೈಯಲ್ಲಿಟ್ಟು ಪೂಜೆ ನಡೆದಿದೆ. ಆದರೆ ಹಬ್ಬದ ದಿನ ಅವ್ವನಿಗೆ ಒಂಟಿತನ ಆಗುತ್ತದೆ, ಅದು ನಿಜ. ನಿಮ್ಮ ಅವ್ವನಿಗೆ ಜೊತೆ ಹುಡುಕುವುದನ್ನು ಮರೆಯಬೇಡಿ.

ಹುಮನಾಬಾದ್ ಕಡೆಯವಳು:

ಎಲ್ಲವನ್ನೂ ಓದಿದೆ, ಅವ್ವನಿಗೂ ಫೋನಿನಲ್ಲಿ ಓದಿ ಹೇಳಿದೆ. ಆಯಿಯ ಚರ್ಚಿನ ಮಾತಿಗೆ ಅವಳು ಹೂಂ ಅಂದಳು, ರಿಜಿಸ್ಟರ್ ನೋಡಲು ತಾನೂ ಬರುತ್ತಾಳಂತೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಶಹಾಪುರದ ತಮ್ಮ ಹೇಳಿದ ಮಾತನ್ನೇ ಹೇಳುತ್ತೇನೆ. ಭಾಲ್ಕಿ ಅಕ್ಕ, ನಿಮ್ಮ ಕೊನೆಯ ಪ್ರಶ್ನೆ ನನಗೆ ಚುಚ್ಚಿತು. ಆ ಓಣಿಯ ಅಕ್ಕನಿಗೆ ಈಗ ಕಾಲಿನಲ್ಲಿ ಗಾಯ ಆಗಿದೆಯಂತೆ, ವಾಸಿಯಾಗುತ್ತಿಲ್ಲವಂತೆ. ಸಭೆಯಲ್ಲಿ ಯಾರಿಗೂ ಹೇಳಬೇಡ ಅಂದಿದ್ದಾರೆ. ನಾನು ಹಿರಿಯರಿಗೆ ಹೇಳಲಾ?

ಬೀದರ್ ಮಾಸ್ತರ್:

ಹಿರಿಯರು, ಪಾಸ್ಟರ್ ಎಲ್ಲ ಆಮೇಲೆ ತಂಗಿ. ಶುಗರ್ ಇರುವವರ ಕಾಲಿನ ಗಾಯ ಕಾಯುವುದಿಲ್ಲ, ನಿಮಗೇ ಗೊತ್ತು. ಇದೇ ವಾರ ಬೀದರ್ ಬ್ರಿಮ್ಸ್ ಆಸ್ಪತ್ರೆಗೆ ಕರೆತನ್ನಿ, ಬೆಳಿಗ್ಗೆ ಬೇಗ ಬಂದರೆ ಚೀಟಿ ಸಾಲು ಕಡಿಮೆ ಇರುತ್ತದೆ. ಯಾರಿಗೂ ಹೇಳಬೇಡಿ, ಅವರ ಮಾತು ಉಳಿಸಿ. ಬರಲು ಹಿಂದೆಮುಂದೆ ನೋಡಿದರೆ ಯೆಶಾಯ 38 ತೆಗೆದು ಅವರ ಎದುರಿಗೇ ಓದಿ, ಪ್ರಾರ್ಥನೆ ಮಾಡಿಯೇ ಹೊರಡಿ.