ಭೂತಾನಕ್ಕ ಹೊಂಟ ಮಾತು ನವನಗರದ ಪ್ಲಾಟಿಗೆ ಬಂತು

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು 'ಹೊಳಿದಂಡಿ ಬಳಗ'. ಹಳೇ ಬಾಗಲಕೋಟೆಯ ಹೊಳಿದಂಡಿ ಮನೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಪಾಲಾಗಿ, ಮನೆಯವರು ಮುಳುಗಡೆಯವರಿಗೆಂದೇ ಕಟ್ಟಿದ ನವನಗರಕ್ಕೆ ಬಂದು ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಉಳಿದಿದೆ. ಮೊನ್ನೆ ನಸುಕಿನಲ್ಲಿ ಬೆಳಗಾವಿಯ ಸಣ್ಣಕಾಕಾ ಇದನ್ನು ತಂದು ಹಾಕಿದರು:

"ಯುನೆಸ್ಕೋ ಘೋಷಣೆ!! ಜಗತ್ತಿನ ನಂಬರ್ 1 ಸುಖೀ ದೇಶ ಭೂತಾನ್! ಅಲ್ಲಿ ಜಿಡಿಪಿ ಇಲ್ಲ, ಬಡವರಿಲ್ಲ, ಆಸ್ಪತ್ರೆ ಬಿಲ್ ಇಲ್ಲ. ರೊಕ್ಕದ ಹಿಂದೆ ಓಡುವವರು ತಪ್ಪದೇ ಓದಿ. 10 ಜನರಿಗೆ ಕಳಿಸಿ."

ಕಾಕಾ ಇದನ್ನು ಪೂರ್ತಿ ಓದಿದ್ದರೆಂದು ನನಗನಿಸುವುದಿಲ್ಲ. ಬೆಂಗಳೂರಿನ ಮಗ ರಾತ್ರಿ ಹತ್ತಾದರೂ ಕಂಪನಿಯಲ್ಲೇ ಇರುತ್ತಾನೆ, ಫೋನ್ ಎತ್ತುವುದಿಲ್ಲ. 'ರೊಕ್ಕದ ಹಿಂದೆ ಓಡುವವರು' ಅಂತ ಕಂಡಿತು, ಕಳಿಸಿಬಿಟ್ಟರು. ಆ ಮಗನೂ ಇದೇ ಗುಂಪಿನಲ್ಲಿದ್ದಾನೆ. ನೋಡಿದ, ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಉತ್ತರ ಬಂದದ್ದು ಪುಣೆ ಅಣ್ಣನಿಂದ. ಅವನು ಮದುವೆ ಪತ್ರಿಕೆ ಕಳಿಸಿದರೂ 'ಸೋರ್ಸ್?' ಅನ್ನುವ ಆಸಾಮಿ.

ಪುಣೆ ಅಣ್ಣ: ಸೋರ್ಸ್?

ಸಣ್ಣಕಾಕಾ: ಯುನೆಸ್ಕೋ ಅಂತ ಬರದೈತಲ್ಲೋ.

ಪುಣೆ ಅಣ್ಣ: ಯುನೆಸ್ಕೋ ಸುಖದ ರ‍್ಯಾಂಕ್ ಕೊಡೂದಿಲ್ಲ ಕಾಕಾ. ವರ್ಲ್ಡ್ ಹ್ಯಾಪಿನೆಸ್ ರಿಪೋರ್ಟ್ ಅಂತ ಒಂದ ಐತಿ. ಅದರಾಗ 2018ರಿಂದ ಫಿನ್ಲೆಂಡ್ ಮೊದಲು. 2019ರಾಗ ಭೂತಾನ್ 95ನೇದು. ಜಿಡಿಪಿ, ಅಂದ್ರ ದೇಶದಾಗ ಒಂದು ವರ್ಷಕ್ಕ ಆಗೋ ಒಟ್ಟು ಉತ್ಪಾದನೆಯ ಬೆಲಿ, ಇಲ್ಲ ಅನ್ನೂದೂ ಸುಳ್ಳು, ಅವರೂ ಲೆಕ್ಕಾ ಹಾಕತಾರ. ಅಲ್ಲಿ ಹುಡುಗ್ರು ಗುಂಪುಗುಂಪಾಗಿ ಆಸ್ಟ್ರೇಲಿಯಾಕ್ಕ ಹೊಂಟಾರ.

ಸಣ್ಣಕಾಕಾ: ನೀ ಪುಣೆಕ್ಕ ಹೋದಂಗ.

ಆ ಹೊಡೆತಕ್ಕೆ ನಗುವ ಮುಖಗಳು ಸಾಲಾಗಿ ಬಿದ್ದವು. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂಎ ಓದುವ ತಂಗಿಯೊಬ್ಬಳೇ ವಿಷಯವನ್ನು ಹಿಡಿದು ನಿಲ್ಲಿಸಲು ನೋಡಿದಳು.

ಧಾರವಾಡ ತಂಗಿ: ಫಾರ್ವರ್ಡ್ ಸುಳ್ಳಿರಬಹುದು, ರೊಕ್ಕದ ಲೆಕ್ಕದಾಗ ಸುಖ ಸಿಗೂದಿಲ್ಲ ಅನ್ನೋ ವಿಚಾರ ಸುಳ್ಳಲ್ಲ. ರಾಷ್ಟ್ರೀಯ ಆದಾಯದ ಲೆಕ್ಕ ಕಟ್ಟಿದ ಸೈಮನ್ ಕುಜ್ನೆಟ್ಸ್ ಅವರೇ 1934ರಾಗ ಅಮೆರಿಕದ ಕಾಂಗ್ರೆಸ್ಸಿಗೆ ಹೇಳಿದ್ರು, ಇದರ ಮ್ಯಾಲಿಂದ ಜನ ಚಲೋ ಇದ್ದಾರೋ ಇಲ್ಲೋ ತಿಳಿಯೂದು ಕಷ್ಟ ಅಂತ. ಭೂತಾನದಾಗ ಜನರ ಸುಖಾನ್ನ 33 ಸೂಚಕ ಇಟ್ಟು ಅಳೀತಾರ: ನಿದ್ದಿ, ಓಣಿ ಮಂದಿ ಸಂಬಂಧ, ಪರಿಸರ, ಆರೋಗ್ಯ. ನ್ಯೂಜಿಲೆಂಡ್ 2019ರಾಗ ಬಜೆಟ್ಟನ್ನ ಜನರ ಯೋಗಕ್ಷೇಮ ಇಟ್ಕೊಂಡು ಮಾಡ್ತು. ವೇಲ್ಸ್ 2015ರಾಗ ಮುಂದಿನ ಪೀಳಿಗಿ ಸಲುವಾಗಿ ಕಾನೂನೇ ತಂತು.

ಇದಕ್ಕೆ ಒಂದೇ ಒಂದು ಹೆಬ್ಬೆರಳು ಬಂತು. ಅವಳ ಅಪ್ಪನದು.

ಅಷ್ಟರಲ್ಲಿ ದೊಡ್ಡಪ್ಪನ ದನಿಮುದ್ರಿಕೆ ಬಿತ್ತು, ನಾಲ್ಕು ನಿಮಿಷದ್ದು. ಮಾಸ್ತರಿಕೆ ಬಿಟ್ಟರೂ ಪೀಠಿಕೆ ಬಿಟ್ಟಿಲ್ಲ. ಸಾರಾಂಶ ಇಷ್ಟು: ನ್ಯೂಜಿಲೆಂಡಿಗೆ ಯಾಕೆ ಹೋಗಬೇಕು, ಕೂಡಲಸಂಗಮ ಇಲ್ಲೇ ಇದೆ, ಕಾಯಕ, ದಾಸೋಹ ಎಂದು 12ನೇ ಶತಮಾನದಲ್ಲೇ ನಮ್ಮವರು ಹೇಳಿದರು. ಮಾರಯ್ಯ ಒಂದು ದಿನ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ತಿರುಗಿ ಕಳಿಸಿದಳು. ಅಗತ್ಯಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದೇ ರೋಗ.

ಮಾತು ಖರೇನೇ. ಆದರೆ ಆಡಿದವರು ದೊಡ್ಡಪ್ಪ, ಕೇಳಿದವರು ಜಮಖಂಡಿ ಅತ್ತಿ.

ಜಮಖಂಡಿ ಅತ್ತಿ: ಹೆಚ್ಚಿಂದು ತಿರುಗಿ ಕಳಸಬೇಕಂತ? ಹಂಗಾದ್ರ ನವನಗರದ ಎರಡನೇ ಪ್ಲಾಟು ಯಾವಾಗ ಕಳಸ್ತಿ ಅಣ್ಣಾ?

ಗುಂಪಿನಲ್ಲಿ 'ಟೈಪಿಂಗ್' ಎಂದು ಐದಾರು ಹೆಸರು ಮೂಡಿ ಮಾಯವಾದವು. ಹೊಳಿದಂಡಿ ಮನೆಯ ಮುಳುಗಡೆ ಪರಿಹಾರ ಬಂದಾಗ ಕಾಗದಕ್ಕೆ ಸಹಿ ಮಾಡಿದವರು ದೊಡ್ಡಪ್ಪ. ಹೆಣ್ಣುಮಕ್ಕಳಿಗೆ ಒಂದೊಂದು ಇಳಕಲ್ಲ ಸೀರೆ, ಊಟ. ಇದು ಬಳಗದಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಬರೆಯದ ಸಂಗತಿ.

ದೊಡ್ಡಪ್ಪ: ಇಲ್ಲಿ ಜಗತ್ತಿನ ಅರ್ಥವ್ಯವಸ್ಥೆ ಬಗ್ಗೆ ಮಾತು ನಡದೈತಿ.

ಜಮಖಂಡಿ ಅತ್ತಿ: ನಾನೂ ಅದನ್ನ ಮಾತಾಡಾಕತ್ತೀನಿ. ಸಂಗಮದಾಗ ಬಸವಣ್ಣನ ಐಕ್ಯಸ್ಥಳಕ್ಕ ನೀರು ನುಗ್ಗಬಾರದಂತ ಸುತ್ತ ಬಾವಿ ಹಂಗ ಗ್ವಾಡಿ ಕಟ್ಟಿದ್ರು. ನಮ್ಮವ್ವ ಬೇವಿನಗಿಡದ ಬುಡಕ ಕುಂತು ಓಣಿ ಹೆಣ್ಮಕ್ಕಳ ಜೋಡಿ ರೊಟ್ಟಿ ಬಡಿತಿದ್ಳಲ್ಲ, ಅದಕ್ಕ ಯಾರು ಗ್ವಾಡಿ ಕಟ್ಟಿದ್ರು? ನವನಗರಕ್ಕ ಬಂದಮ್ಯಾಲೆ ಬಾಜೂ ಮನಿಯವರ ಹೆಸರೂ ಗೊತ್ತಿರಲಿಲ್ಲ ಆಕಿಗೆ.

ನನ್ನ ಲೆಕ್ಕದಲ್ಲಿ ಅವತ್ತಿನ ಅತಿ ದೊಡ್ಡ ಅರ್ಥಶಾಸ್ತ್ರ ಇದೇ. ಧಾರವಾಡ ತಂಗಿಗೂ ಹಾಗೇ ಅನಿಸಿರಬೇಕು. ಮುಳುಗಿದ ಮನೆ ಜಿಡಿಪಿಯಿಂದ ಕಳೆಯುವುದಿಲ್ಲ, ಹೊಸ ಮನೆಯ ಸಿಮೆಂಟು ಕೂಡುತ್ತದೆ, ಬೇವಿನ ನೆರಳಿಗೆ ಅಲ್ಲಿ ಕಾಲಂ ಇಲ್ಲ ಎಂದು ಬರೆದಳು. ಪುಣೆ ಅಣ್ಣ ಬಿಡಬೇಕಲ್ಲ: ಪರಿಹಾರದ ಹಣ ಬರೀ ವರ್ಗಾವಣೆ, ಅದು ಜಿಡಿಪಿಗೆ ಸೇರೂದಿಲ್ಲ, ಕಟ್ಟಡ ಅಷ್ಟ ಸೇರತೈತಿ. ಸರಿಯಾದ ತಿದ್ದುಪಡಿ, ಯಾರಿಗೂ ಬೇಕಿರಲಿಲ್ಲ.

ಇಲ್ಲಿ ಹುಬ್ಬಳ್ಳಿಯ ರಾಜಾಭಾವ ಒಳಗೆ ಬಂದ. ಅವನು ಹಿಂದಿನದೊಂದನ್ನೂ ಓದುವುದಿಲ್ಲ.

ರಾಜಾಭಾವ: ಬೇವಿನಗಿಡ ಅಂದಕೂಡಲೆ ಹೋಳಿ ನೆನಪಾತು. ಬಣ್ಣದ ಬಂಡಿ, ಬ್ಯಾರಲ್ ಬ್ಯಾರಲ್ ಬಣ್ಣ, ಹಲಗಿ ಮೇಳ... ಸಣ್ಣಕಾಕಾನ್ನ ಎತ್ತಿ ಹೊಂಡಕ್ಕ ಹಾಕಿದ್ವಿ. ಆವಾಗ ಯಾರ ಕಡೆ ರೊಕ್ಕ ಇತ್ತು? ಸುಖ ಇತ್ತು.

ಸಣ್ಣಕಾಕಾ: ಹಾಕಿದ್ದು ನೀ ಅಲ್ಲ, ನಿಮ್ಮಣ್ಣ.

ಇಪ್ಪತ್ತು ಸಂದೇಶ ಇದರಲ್ಲೇ ಹೋದವು: ಯಾರು ಹಾಕಿದರು, ಅಂಗಿ ಯಾರದು. ನಡುವೆ ಬಸವನಬಾಗೇವಾಡಿ ಮಾವ ಹಾಕಿದ ಎರಡು ಸಾಲು ಮೇಲೆ ಸರಿದು ಹೋದವು. ನಾನು ಬೆರಳಿಟ್ಟು ಹುಡುಕಿ ಓದಿದೆ.

ಬಾಗೇವಾಡಿ ಮಾವ: ನೀವು ಮುಳಗಿದ್ದು ಖರೆ. ಅದೇ ನೀರು ಮುಳವಾಡ ಏತ ನೀರಾವರಿಯಿಂದ ನಮ್ಮ ಹೊಲಕ್ಕ ಬಂತು. ಬರಗಾಲ ಬಂದ್ರ ಗೋವಾಕ್ಕ ದುಡ್ಯಾಕ ಹೋಗ್ತಿದ್ವಿ, ಈಗ ದ್ರಾಕ್ಷಿ ಐತಿ. ಯಾರ ಸುಖ ಹಿಡೀತೀರಿ?

ಈ ಪ್ರಶ್ನೆಗೆ 33 ಸೂಚಕವೂ ಸಾಲದು, ಆದರೆ ತಂಗಿ ಆಗಲೇ ತರಗತಿಗೆ ಹೋಗಿದ್ದಳು. ಮಾವನ ಮುಂದಿನ ಸಾಲೇ ಬೆಂಕಿ ಹಚ್ಚಿದ್ದು: ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು 2025ರ ಸೆಪ್ಟೆಂಬರಿನಲ್ಲಿ ಸಂಪುಟ ತೀರ್ಮಾನಿಸಿದೆ, ನಿಮ್ಮ ಕಾಲದ್ದು ಚುರುಮರಿ ರೊಕ್ಕ. ಅದನ್ನು ಕಂಡಿದ್ದೇ ತಡ, ಲಾಭ ಮುಖ್ಯವಲ್ಲ ಎಂದು ಮುಂಜಾನೆಯಿಂದ ಹೃದಯ ಒತ್ತುತ್ತಿದ್ದವರೆಲ್ಲ ಕ್ಯಾಲ್ಕ್ಯುಲೇಟರ್ ತೆಗೆದರು.

ಸಂಜೆಗೆ ತಂಗಿ ಮರಳಿ ಬಂದಳು. ಆ ಫಾರ್ವರ್ಡಿನಲ್ಲಿ ಹುರುಳಿದ್ದ ಸಾಲು ಒಂದೇ, ಆಸ್ಪತ್ರೆಯದು, ಅದನ್ನು ಯಾರೂ ಮುಟ್ಟಿಲ್ಲ ಎಂದಳು.

ಧಾರವಾಡ ತಂಗಿ: ಮೂಲಭೂತ ಚಿಕಿತ್ಸಾ ಪುಕ್ಕಟೆ ಅಂತ ಭೂತಾನದ 2008ರ ಸಂವಿಧಾನದಾಗ ಐತಿ. ಅಲ್ಲಿ ಆಗದಿದ್ದನ್ನ ನಮ್ಮ ದೇಶದ ಆಸ್ಪತ್ರಿಗೆ ಕಳಿಸತಾರ, ಖರ್ಚು ಅವರ ಸರಕಾರದ್ದು.

ಜಮಖಂಡಿ ಅತ್ತಿ: ಮಂಡಿ ಆಪರೇಷನ್ನೂ?

ಧಾರವಾಡ ತಂಗಿ: ಅದು ನೋಡಿ ಹೇಳ್ತೀನಿ ಅತ್ತಿ.

ಜಮಖಂಡಿ ಅತ್ತಿ: ನೋಡು. ಅಣ್ಣಾ, ಪ್ಲಾಟು ಇರಲಿ. ನನ್ನ ಮಂಡಿ ಬಿಲ್ಲಿನಾಗ ಅರ್ಧ ಹಾಕು, ಅದನ್ನ ದಾಸೋಹ ಅಂತ ತಿಳ್ಕೋತೀನಿ.

ದೊಡ್ಡಪ್ಪ ಬಹಳ ಹೊತ್ತು ಟೈಪ್ ಮಾಡಿದರು. ಬಂದದ್ದು ಇಷ್ಟೇ:

ದೊಡ್ಡಪ್ಪ: ರವಿವಾರ ಬಾ. ಪರಿಹಾರದ ಕಾಗದ ತಗದ ಇಡತೀನಿ. ಕುಂತು ಮಾತಾಡೂಣು.

ಪುಣೆ ಅಣ್ಣ: ಕಾಗದದ ಫೋಟೋ ಗ್ರೂಪಿಗೂ ಹಾಕ್ರಿ.