‘ಮ್ಯಾಗ್ನಿಫಿಸೆಂಟ್ ಅಬ್ಸೆಷನ್’ಗೆ ಕನ್ನಡ ಸಬ್‌ಟೈಟಲ್: ನೀನು ಎಲ್ಲಿ, ನೀವು ಎಲ್ಲಿ?

ಬಟವಾಡಿ ಮ್ಯಾಟಿನಿ, ತುಮಕೂರು

ಡಗ್ಲಸ್ ಸರ್ಕ್ ನಿರ್ದೇಶಿಸಿದ 1954ರ ‘ಮ್ಯಾಗ್ನಿಫಿಸೆಂಟ್ ಅಬ್ಸೆಷನ್’ ತೋರಿಸೋ ತಯಾರಿ ನಡೀತಿದೆ. ಬಟವಾಡಿ ಹತ್ತಿರ ಸಣ್ಣ ಹಾಲ್, 60 ಕುರ್ಚಿ, 12 ಅಡಿ ಅಗಲದ ಪರದೆ. ಬರೋರಲ್ಲಿ ಹೆಚ್ಚಿನವರು ರಿಟೈರ್ ಆದವರು, ಅಮೆರಿಕನ್ ಇಂಗ್ಲಿಷ್ ಓಡೋ ವೇಗಕ್ಕೆ ಕಿವಿ ಓಡಲ್ಲ. ಹಾಗಾಗಿ ಕನ್ನಡ ಸಬ್‌ಟೈಟಲ್ ಬರೀತಿದ್ದೀವಿ, ಮೊದಲ 40 ನಿಮಿಷ ಆಗಿದೆ.

ನೋಡದವರಿಗೆ ಕಥೆ ಇಷ್ಟು. ದುಡ್ಡಿನ ಮದದ ಬಾಬ್ ಮೆರಿಕ್ ಸ್ಪೀಡ್‌ಬೋಟ್ ಓಡಿಸಿ ಅಪಘಾತ ಮಾಡಿಕೊಳ್ತಾನೆ. ಅವನ ಉಸಿರು ಉಳಿಸೋಕೆ ಡಾಕ್ಟರ್ ಫಿಲಿಪ್ಸ್ ಅವರ ಮನೇಲಿದ್ದ ಯಂತ್ರವನ್ನ ಬೇರೆಯವರು ತರ್ತಾರೆ. ಅದೇ ಹೊತ್ತಿಗೆ ಡಾಕ್ಟರಿಗೆ ಹೃದಯಾಘಾತ, ಯಂತ್ರ ಮನೇಲಿಲ್ಲ, ಪ್ರಾಣ ಹೋಗುತ್ತೆ. ಡಾಕ್ಟರ ಹೆಂಡತಿ ಹೆಲೆನ್ ಹತ್ತಿರ ಕ್ಷಮೆ ಕೇಳೋಕೆ ಮೆರಿಕ್ ಬೆನ್ನು ಬೀಳ್ತಾನೆ. ಅವನಿಂದ ತಪ್ಪಿಸಿಕೊಳ್ಳೋಕೆ ಕಾರಿಳಿದ ಹೆಲೆನ್‌ಗೆ ಇನ್ನೊಂದು ಕಾರು ಬಡಿದು ಕಣ್ಣು ಹೋಗುತ್ತೆ. ಆಮೇಲೆ ಅವನೇ ರಾಬಿ ಅನ್ನೋ ಹೆಸರಲ್ಲಿ ಅವಳ ಸ್ನೇಹ ಬೆಳೆಸ್ತಾನೆ. ಡಾಕ್ಟರುಗಳಿಗೆ ತೋರಿಸೋಕೆ ಅವಳು ಸ್ವಿಟ್ಜರ್ಲೆಂಡಿಗೆ ಹೋಗ್ತಾಳೆ, ಕೊನೆಗೆ ಅವನೇ ಸರ್ಜನ್ ಆಗಿ ಅವಳಿಗೆ ಆಪರೇಷನ್ ಮಾಡ್ತಾನೆ.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ. ಇಂಗ್ಲಿಷಿನ ಒಂದೇ ‘ಯೂ’ನ ಯಾವಾಗ ನೀವು ಮಾಡೋದು, ಯಾವಾಗ ನೀನು? ಆ ಉಸಿರಿನ ಯಂತ್ರಕ್ಕೂ ಹೆಸರಲ್ಲಿರೋ ‘ಅಬ್ಸೆಷನ್’ಗೂ ಕನ್ನಡದಲ್ಲಿ ಏನನ್ನೋದು? ಪೆನ್‌ಡ್ರೈವ್ ಪ್ರೊಜೆಕ್ಟರಿಗೆ ಚುಚ್ಚಿದ್ರೆ ಕನ್ನಡದ ಬದಲು ಡಬ್ಬಿ ಡಬ್ಬಿ ಬರುತ್ತೆ. ಮೊದಲು ಸರಿ ಇದ್ದ ಟೈಮಿಂಗ್ ಹೋಗ್ತಾ ಹೋಗ್ತಾ ಹಿಂದೆ ಬೀಳುತ್ತೆ. ಇಷ್ಟೊಂದು ಕಾಕತಾಳೀಯ ನೋಡಿ ಜನ ನಗ್ತಾರೇನೋ ಅನ್ನೋ ಅಳುಕೂ ಇದೆ.

ಕತ್ತರಿ ಪ್ರಯೋಗ, ಕೋಲಾರ

ಡಬ್ಬಿ ಬರೋದು ನಿಮ್ಮ ಫೈಲಿನ ತಪ್ಪಲ್ಲ. ಬಹಳಷ್ಟು ಪ್ರೊಜೆಕ್ಟರ್‌ಗಳ ಒಳಗಿನ ಪ್ಲೇಯರ್‌ನಲ್ಲಿ ಕನ್ನಡ ಫಾಂಟೇ ಇರಲ್ಲ. ಫಾಂಟ್ ಇದ್ದರೂ ಒತ್ತಕ್ಷರ ಕೂಡಿಸೋ ವ್ಯವಸ್ಥೆ ಇರಲ್ಲ, ‘ಕ್ಷಮೆ’ ಅನ್ನೋದು ಕ್ ಬೇರೆ ಷ ಬೇರೆಯಾಗಿ ನಿಂತಿರುತ್ತೆ. ಈ ಸಿನಿಮಾಗೆ ಆ ಒಂದು ಪದ ಕೆಟ್ಟರೆ ಸಾಕಲ್ಲ! ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಹಾಕಿ ಎಚ್‌ಡಿಎಂಐ ಕೇಬಲ್ ಮೂಲಕ ತೋರಿಸಿ. ಇಲ್ಲವೇ ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ತಂತ್ರಾಂಶದಲ್ಲಿ ಸಬ್‌ಟೈಟಲನ್ನ ಚಿತ್ರದ ಮೇಲೇ ಅಚ್ಚು ಹಾಕಿಸಿ, ಆಗ ಯಾವ ಪ್ಲೇಯರಾದರೂ ನಡೆಯುತ್ತೆ. ಅಚ್ಚು ಹಾಕಿಸಿದ ಮೇಲೆ ಒಂದು ಕಾಗುಣಿತ ತಪ್ಪು ಕಂಡರೂ ಪೂರ್ತಿ ಮತ್ತೆ ಹಾಕಿಸಬೇಕು ಅನ್ನೋದು ನೆನಪಿರಲಿ.

ಸಬ್‌ಟೈಟಲ್ ಫೈಲನ್ನ ಯುಟಿಎಫ್-8 (ಯೂನಿಕೋಡ್ ಅಕ್ಷರ ಉಳಿಸೋ ಬಗೆ) ಆಗಿ ಉಳಿಸಿ. ಯಾರಾದರೂ ಹಳೇ ನುಡಿ ಅಥವಾ ಬರಹದ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿ ಕೊಟ್ಟಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು ಬಂದ ಜಾಗ ಎಲ್ಲ ಒಂದೊಂದಾಗಿ ನೋಡಿ. ಪರಿವರ್ತಕಗಳು ಎಡವೋದು ಹೆಚ್ಚಾಗಿ ಅಲ್ಲೇ.

ಹೆಸರುಗಳ ಕಡೆ ಇನ್ನೊಂದು ಕಾಟ ಇದೆ. ‘ಮೆರಿಕ್‌ಗೆ’ ಅಂತ ಬರೀಬೇಕಾದರೆ ಕ್ ಆದ ಮೇಲೆ ಕಣ್ಣಿಗೆ ಕಾಣದ ಬಿಡಿಸು-ಅಕ್ಷರ ಬೇಕು. ಅದಿಲ್ಲದಿದ್ರೆ ‘ಮೆರಿಕ್ಗೆ’ ಆಗುತ್ತೆ, ‘ಹೆಲೆನ್‌ಗೆ’ ಹೋಗಿ ‘ಹೆಲೆನ್ಗೆ’ ಆಗುತ್ತೆ. ಕೆಲವು ಎಡಿಟರ್‌ಗಳು ಫೈಲ್ ‘ಸ್ವಚ್ಛ’ ಮಾಡ್ತೀವಿ ಅಂತ ಇದನ್ನ ಸದ್ದಿಲ್ಲದೆ ತೆಗೆದುಹಾಕ್ತವೆ. ಕೊನೇ ಸಲ ಉಳಿಸಿದ ಮೇಲೆ ಈ ಎರಡು ಹೆಸರು ಹುಡುಕಿ ನೋಡಿ.

ಟೈಮಿಂಗ್ ಜಾರೋದಕ್ಕೆ ಕಾರಣ ಫ್ರೇಮ್ ವೇಗ. ಸಿನಿಮಾ 108 ನಿಮಿಷದ್ದು. ನಿಮ್ಮ ಸಿನಿಮಾ ಫೈಲ್ ಸುಮಾರು 103 ನಿಮಿಷ 35 ಸೆಕೆಂಡಿಗೆ ಮುಗಿದರೆ ಅದು ಸೆಕೆಂಡಿಗೆ 25 ಫ್ರೇಮಿನಂತೆ ಓಡಿಸಿದ ಯುರೋಪಿನ ಪ್ರತಿ, ಸಬ್‌ಟೈಟಲ್ 23.976ರದ್ದು. ಮೊದಲ ಮಾತು ಕೂಡಿಕೊಳ್ಳುತ್ತೆ, ಒಂದು ಗಂಟೆ ಹೊತ್ತಿಗೆ ಎರಡೂವರೆ ನಿಮಿಷದಷ್ಟು ಹಿಂದೆ. ಹಿಂದೆ ಮುಂದೆ ತಳ್ಳಿದ್ರೆ ಇದು ಸರಿಹೋಗಲ್ಲ, ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ಫ್ರೇಮ್ ದರ ಬದಲಿಸೋ ಆಯ್ಕೆ ಹಿಡಿದು 23.976ರಿಂದ 25ಕ್ಕೆ ಬದಲಿಸಿ. ವ್ಯತ್ಯಾಸ ಹೋಗ್ತಾ ಬೆಳೀತಿಲ್ಲ, ಶುರುವಿನಿಂದ ಕೊನೇತನಕ ಒಂದೇ ಸಮ ಇದೆ ಅಂದರೆ ಮಾತ್ರ ತಳ್ಳಿ.

ಯಾವ ಮಾತೂ ಹೊಂದದೇ ಇದ್ದರೆ ಸಬ್‌ಟೈಟಲ್ 1935ರ ಸಿನಿಮಾದ್ದಿರಬಹುದು. ಅದೇ ಹೆಸರು, ಅದೇ ಕಾದಂಬರಿ, ಜಾನ್ ಸ್ಟಾಲ್ ನಿರ್ದೇಶನ, ಕಪ್ಪು-ಬಿಳುಪು.

ಉದ್ದದ ಲೆಕ್ಕ: ಒತ್ತು, ಗುಣಿತ ಸೇರಿ ಒಂದಕ್ಷರ ಅಂತ ಎಣಿಸಿ. ಸಾಲಿಗೆ 22ರಿಂದ 24 ಅಕ್ಷರ, ಎರಡು ಸಾಲಿಗಿಂತ ಹೆಚ್ಚು ಬೇಡ. ವಯಸ್ಸಾದವರು ಓದೋದಾದ್ರೆ ಸೆಕೆಂಡಿಗೆ 8 ಅಕ್ಷರ ಸಾಕು. ಎಷ್ಟೇ ಚಿಕ್ಕ ಮಾತಾದರೂ ಒಂದೂಕಾಲು ಸೆಕೆಂಡ್ ಪರದೆ ಮೇಲೆ ಇರಲಿ.

ಗುಬ್ಬಿ ಪರದೆ

ನೀನು–ನೀವು ಪ್ರಶ್ನೆಗೆ ಬರ್ತೀನಿ, ಈ ಸಿನಿಮಾದ ಜೀವ ಇರೋದೇ ಅಲ್ಲಿ.

ನನ್ನ ಪ್ರಕಾರ ಹೆಲೆನ್ ಮತ್ತು ಮೆರಿಕ್ ನಡುವೆ ನೀವು ಹೋಗಿ ನೀನು ಆಗೋದು ಒಂದೇ ಒಂದು ಸಲ, ಅದೂ ಹೆಲೆನ್ ಬಾಯಿಂದ. ಸ್ವಿಟ್ಜರ್ಲೆಂಡಿನಲ್ಲಿ ಅವನು ‘ನಾನು ರಾಬಿ ಅಲ್ಲ, ಬಾಬ್ ಮೆರಿಕ್’ ಅಂತ ಬಾಯಿಬಿಡ್ತಾನಲ್ಲ, ಅವಳಿಗೆ ಅದು ಮೊದಲೇ ಗೊತ್ತಾಗಿರುತ್ತೆ. ಗೊತ್ತಿದ್ದೂ ಸುಮ್ಮನಿದ್ದಳು ಅನ್ನೋದೇ ಅವಳ ಕ್ಷಮೆ. ಇಂಗ್ಲಿಷಿನಲ್ಲಿ ಅದನ್ನ ಧ್ವನಿಯಿಂದ ಹಿಡೀಬೇಕು, ಕನ್ನಡದಲ್ಲಿ ಒಂದು ಕ್ರಿಯಾಪದದ ಕೊನೇಲಿ ಹಿಡಿಸಬಹುದು. ಅಲ್ಲೀವರೆಗೂ ಅವನು ‘ನೀವು’ ಬಿಡಕೂಡದು. ಕೆರೆ ದಡದಲ್ಲೇ ಅವನ ಬಾಯಲ್ಲಿ ‘ನೀನು’ ಹಾಕಿಬಿಟ್ಟರೆ ಸುಳ್ಳು ಹೆಸರು ಹೇಳಿ ಸಲುಗೆ ತಗೊಂಡ ಪೋಕರಿ ಥರ ಕಾಣ್ತಾನೆ. ಆಮೇಲೆ ಯಾವ ಆಪರೇಷನ್ ಮಾಡಿದರೂ ನಮ್ಮ ಜನ ಅವನನ್ನ ಒಪ್ಪಲ್ಲ.

ಮೊದಲ ಭಾಗದಲ್ಲಿ ಹೆಲೆನ್ ಅವನ ಮೇಲೆ ಸಿಟ್ಟಾದಾಗಲೂ ‘ನೀವು’ ಇರಲಿ. ಸಿಟ್ಟು ಬಂತು ಅಂತ ಏಕವಚನಕ್ಕೆ ಇಳಿಸೋದು ಬೀದಿ ಜಗಳ. ಗಂಡನನ್ನ ಕಳಕೊಂಡವಳ ಬಾಯಲ್ಲಿ ತಣ್ಣಗಿನ ‘ನೀವು ಹೋಗಿ’ ಅನ್ನೋದು ಅದಕ್ಕಿಂತ ಜಾಸ್ತಿ ಚುಚ್ಚುತ್ತೆ.

ಕಷ್ಟ ಇರೋದು ನಡುವಿನ ದೃಶ್ಯಗಳಲ್ಲಿ. ಸ್ನೇಹ ಗಟ್ಟಿಯಾಗ್ತಿದೆ, ‘ನೀವು’ ದೂರ ಅನ್ನಿಸುತ್ತೆ, ‘ನೀನು’ಗೆ ಇನ್ನೂ ಕಾಲ ಬಂದಿಲ್ಲ. ಸರ್ವನಾಮ ಕಿತ್ತುಹಾಕಿದ್ರೆ ಸಾಲದು, ಬಂದೆ–ಬಂದಿರಿ, ಬಾ–ಬನ್ನಿ ಅಂತ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತೆ. ಅದಕ್ಕೆ ಬೇಕು, ಬಹುದು, ಬೇಡ, ಆಯ್ತು ಇವುಗಳನ್ನ ಬಳಸಿ, ಇವಕ್ಕೆ ಏಕವಚನ ಬಹುವಚನದ ಹಂಗಿಲ್ಲ. ‘ಕೂತ್ಕೊಳ್ಳಿ’ ಬದಲು ‘ಇಲ್ಲೇ ಕೂರಬಹುದು’. ‘ಹೆದರಬೇಡಿ’ ಬದಲು ‘ಹೆದರೋದು ಬೇಡ’. ‘ನಿನ್ನೆ ಯಾಕೆ ಬರಲಿಲ್ಲ?’ ಅನ್ನೋದು ಹೇಗೂ ಇಬ್ಬರಿಗೂ ಒಪ್ಪುತ್ತೆ, ‘ಇಲ್ಲ’ಕ್ಕೆ ಮರ್ಯಾದೆಯ ಪ್ರತ್ಯಯವೇ ಇಲ್ಲ. ಇಂಥ ಹತ್ತು ಹದಿನೈದು ಸಾಲು ಸಿಕ್ಕಿದ್ರೆ ‘ನೀನು’ ಬರೋ ಹೊತ್ತಿಗೆ ನೆಲ ಹದವಾಗಿರುತ್ತೆ.

ಪದಗಳು. ಯಂತ್ರಕ್ಕೆ ‘ಉಸಿರು ತುಂಬೋ ಯಂತ್ರ’ ಅನ್ನಿ. ವೆಂಟಿಲೇಟರ್ ಅಂದರೆ ಕೋವಿಡ್ ಆದಮೇಲೆ ಎಲ್ಲರಿಗೂ ಐಸಿಯು ನೆನಪಾಗುತ್ತೆ, ಅದನ್ನ ಒಂದು ಮನೆಯಿಂದ ಕೆರೆ ಹತ್ತಿರಕ್ಕೆ ಹೊತ್ತು ತಂದರು ಅಂದರೆ ನಂಬಲ್ಲ. ಇರೋದು ಒಂದೇ ಯಂತ್ರ, ಬೇಕಾಗಿದ್ದು ಇಬ್ಬರಿಗೆ. ಇದು ಮೊದಲ ಹತ್ತು ನಿಮಿಷದಲ್ಲಿ ತಲೆಗೆ ಹೋಗದಿದ್ರೆ ಮೆರಿಕ್‌ನ ಪಾಪಪ್ರಜ್ಞೆ ಯಾಕೆ ಅಂತಲೇ ತಿಳಿಯಲ್ಲ.

ಕೊನೇ ಆಪರೇಷನ್‌ಗೆ ‘ಕಣ್ಣಿನ ಆಪರೇಷನ್’ ಅಂತ ಬರೆದೀರಿ ಜೋಕೆ. ಅವನು ಮೆದುಳಿನ ಸರ್ಜನ್, ಅವಳ ಪೆಟ್ಟು ತಲೆಯೊಳಗಿನದು. ನಮ್ಮಲ್ಲಿ ದೃಷ್ಟಿ ಬಂತು ಅಂದರೆ ಪೊರೆ ತೆಗೆದರು, ಇಲ್ಲವೇ ನೇತ್ರದಾನ ಅಂತಲೇ ಮನಸ್ಸು ಓಡುತ್ತೆ. ‘ತಲೆಯ ಆಪರೇಷನ್’ ಅಂತ ಎರಡು ಕಡೆಯಾದರೂ ಬರಲಿ.

‘ಅಬ್ಸೆಷನ್’ಗೆ ಗೀಳು ಬೇಡ, ಅದು ಕಾಯಿಲೆ. ‘ಹುಚ್ಚು’ ಹಾಕಿ. ನಾಟಕದ ಹುಚ್ಚು, ಪುಸ್ತಕದ ಹುಚ್ಚು ಅಂತ ಅಕ್ಕರೆಯಿಂದಲೂ ಅಂತೀವಲ್ಲ, ಆ ಹುಚ್ಚು. ಸಿನಿಮಾದ ಹೆಸರು ಹಾಗೇ ಇರಲಿ, ಚಿತ್ರಕಾರ ರಾಂಡಾಲ್ಫ್ ಮೆರಿಕ್‌ಗೆ ಗುಟ್ಟು ಹೇಳಿಕೊಡುವಾಗ ಮಾತ್ರ ‘ಬಿಟ್ಟೆನೆಂದರೂ ಬಿಡದ ಹುಚ್ಚು’ ಅಂತ ಬರಲಿ. ಆ ಗುಟ್ಟು ಯಾವುದು ಅಂದರೆ ಯಾರಿಗೂ ತಿಳಿಯದ ಹಾಗೆ ನೆರವಾಗೋದು, ತಿರುಗಿ ಏನೂ ತಗೊಳ್ಳದೇ ಇರೋದು. ಮೂಲ ಕಾದಂಬರಿ 1929ರದ್ದು. ಬರೆದ ಲಾಯ್ಡ್ ಡಗ್ಲಸ್ ಪಾದ್ರಿಯಾಗಿದ್ದವರು, ಎಳೆ ಸಿಕ್ಕಿದ್ದು ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅನ್ನೋ ಮಾತು ನಮ್ಮಲ್ಲೂ ಬಳಕೆಯಲ್ಲಿದೆ, ಧಾರಾಳವಾಗಿ ಬಳಸಿ. ‘ಗುಪ್ತದಾನ’ವೂ ಸರಿ. ‘ದಾಸೋಹ’ ಮಾತ್ರ ಬೇಡ: ತುಮಕೂರಿನವರಿಗೆ ಆ ಪದ ಕೇಳಿದ ತಕ್ಷಣ ಸಿದ್ಧಗಂಗೆಯ ಊಟದ ಪಂಕ್ತಿ ಕಣ್ಣಿಗೆ ಕಟ್ಟುತ್ತೆ. ಅದು ಎಲ್ಲರೆದುರು ನಡೆಯೋದು, ಇಲ್ಲಿರೋದು ಗುಟ್ಟು.

ಮಾಲೂರು ಮೇಷ್ಟ್ರು

ಒಂದು ತಕರಾರು. ಹಳೇ ಕನ್ನಡ ಸಿನಿಮಾ ನೋಡಿ ಬೆಳೆದವರಿಗೆ ಹೆಂಗಸು ಪ್ರೀತಿಸಿದ ಗಂಡಸನ್ನ ‘ನೀವು’ ಅನ್ನೋದೇ ರೂಢಿ. ಹೆಲೆನ್ ‘ನೀನು’ ಅಂದ್ರೆ ಅವರಿಗೆ ಕ್ಷಮೆ ಕಾಣಲ್ಲ, ತಾತ್ಸಾರ ಕಾಣುತ್ತೆ. ಅವನು ‘ನೀನು’ಗೆ ಬರಲಿ, ಅವಳು ‘ನೀವು’ನಲ್ಲೇ ಇರಲಿ.

ಗುಬ್ಬಿ ಪರದೆ

ಮೇಷ್ಟ್ರೇ, ರೂಢಿಯ ಮಾತು ಒಪ್ಪಿದೆ. ಆದರೆ ಇಲ್ಲಿ ಹೆಲೆನ್ ಅವನಿಗಿಂತ ದೊಡ್ಡವಳು ಅಂತ ಮುಖದಲ್ಲೇ ಕಾಣುತ್ತೆ. ಹೆಲೆನ್ ಪಾತ್ರದ ಜೇನ್ ವೈಮನ್ 1917ರಲ್ಲಿ ಹುಟ್ಟಿದವರು, ಮೆರಿಕ್ ಪಾತ್ರದ ರಾಕ್ ಹಡ್ಸನ್ 1925ರಲ್ಲಿ. ಅವನು ನೊಂದವಳ ಎದುರು ತಲೆತಗ್ಗಿಸಿ ನಿಂತವನು. ಅವನೇ ಮೊದಲು ‘ನೀನು’ಗೆ ಇಳಿದರೆ ಕ್ಷಮೆಯನ್ನ ಕೈಹಾಕಿ ಕಿತ್ತುಕೊಂಡ ಹಾಗೆ. ತಾತ್ಸಾರ ಕಾಣದೇ ಇರೋಕೆ ಉಪಾಯ ಇದೆ. ಅವಳ ಮೊದಲ ‘ನೀನು’ನ ಪ್ರಶ್ನೆಯಲ್ಲಾಗಲಿ ಆಜ್ಞೆಯಲ್ಲಾಗಲಿ ಇಡಬೇಡಿ. ‘ನನಗೆ ಗೊತ್ತಿತ್ತು, ನೀನೇ ಅಂತ’ ಅನ್ನೋ ಥರದ ಸಾಲಲ್ಲಿ ಇಡಿ. ‘ನೀನೇ’ ಅನ್ನೋದು ದೇವರಿಗೂ ಸಲ್ಲುತ್ತೆ, ಮಗುವಿಗೂ ಸಲ್ಲುತ್ತೆ.

ಚಿಂತಾಮಣಿ ಬೆಳಕು

ಸಬ್‌ಟೈಟಲ್ ಕೂರೋ ಜಾಗದ ಬಗ್ಗೆ ಯಾರೂ ಹೇಳಲಿಲ್ಲ. ಈ ಸಿನಿಮಾದ ಅಳತೆ 2ಕ್ಕೆ 1. ಪರದೆ 12 ಅಡಿ ಅಗಲ ಅಂದರೆ ಚಿತ್ರದ ಎತ್ತರ 6 ಅಡಿ. 1920×1080 ಪಿಕ್ಸೆಲ್ಲಿನಲ್ಲಿ ಚಿತ್ರದ ಎತ್ತರಕ್ಕೆ 960 ಪಿಕ್ಸೆಲ್ ಹೋಗಿ ಮೇಲೆ 60, ಕೆಳಗೆ 60 ಕಪ್ಪು ಪಟ್ಟಿ ಉಳಿಯುತ್ತೆ. ಆ 60ರಲ್ಲಿ ಒತ್ತಕ್ಷರ ಇರೋ ಕನ್ನಡದ ಸಾಲು ಓದೋ ಗಾತ್ರದಲ್ಲಿ ಹಿಡಿಸಲ್ಲ, ‘ತ್ರ’ದ ಬಾಲ ಪರದೆಯಾಚೆ. ಅಚ್ಚು ಹಾಕಿಸೋದಾದ್ರೆ ಚಿತ್ರವನ್ನ ಪೂರ್ತಿ ಮೇಲಕ್ಕೆ ಸರಿಸಿ, ಕೆಳಗೆ 120 ಸಿಗುತ್ತೆ, ಒಂದು ಸಾಲು ಆರಾಮಾಗಿ ಕೂರುತ್ತೆ. ಎರಡನೇ ಸಾಲು ಚಿತ್ರದ ಮೇಲೆ ಬಂದರೂ ಕಪ್ಪು ಅಂಚು ಕೊಟ್ಟರೆ ಓದಬಹುದು. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಸ್ವಲ್ಪ ದಪ್ಪದ್ದು ಹಾಕಿ, ತುಂಗಾ ಫಾಂಟ್ ಹಿಂದಿನ ಸಾಲಲ್ಲಿ ಕೂತವರಿಗೆ ತೆಳುವಾಯ್ತು. ಬಣ್ಣ ಅಚ್ಚ ಬಿಳಿ ಬೇಡ, ತುಸು ಬೂದು ಬೆರೆಸಿ. ಸ್ವಿಟ್ಜರ್ಲೆಂಡಿನ ಕತ್ತಲ ಕೋಣೆಯಲ್ಲಿ ಬಿಳಿ ಅಕ್ಷರ ಟಾರ್ಚ್ ಹಾಕಿದ ಹಾಗೆ ಹೊಡೆಯುತ್ತೆ.

ಪ್ರೊಜೆಕ್ಟರಿನ ‘ಡೈನಾಮಿಕ್’, ‘ವಿವಿಡ್’ ಎಲ್ಲ ಆರಿಸಿ ‘ಸಿನಿಮಾ’ಗೆ ಇಡಿ. ಛಾಯಾಗ್ರಾಹಕ ರಸೆಲ್ ಮೆಟ್ಟಿ ಕಿಟಕಿಯಾಚೆ ನೀಲಿ, ಒಳಗೆ ದೀಪದ ಹಳದಿ ಅಂತ ಬೆಳಕು ಹಂಚಿದ್ದಾರೆ, ವಿವಿಡ್‌ನಲ್ಲಿ ಎರಡೂ ಸೇರಿ ಹಸಿರುಗಟ್ಟುತ್ತೆ. ಸಿನಿಮಾ ಮೋಡ್‌ನಲ್ಲಿ ಬೆಳಕು ಅರ್ಧದಷ್ಟು ಇಳೀಬಹುದು, ಹಾಗಾಗಿ 3,000 ಲ್ಯೂಮೆನ್‌ಗಿಂತ ಕಮ್ಮಿ ತರಬೇಡಿ, ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ.

ಧ್ವನಿ ಮೋನೋ. ಸ್ಪೀಕರುಗಳನ್ನ ಗೋಡೆಗಳ ಬದಿಗೆ ಹಂಚದೆ ಪರದೆ ಕೆಳಗೇ ಇಡಿ. ಕಣ್ಣು ಕಾಣದವಳು ದನಿ ಹಿಡಿದು ತಿರುಗುವಾಗ ಆ ದನಿ ಹಿಂದಿನ ಗೋಡೆಯಿಂದ ಬಂದರೆ ಕೆಟ್ಟಿತು.

ಲ್ಯಾಂಪ್ ಇರೋ ಪ್ರೊಜೆಕ್ಟರಾದರೆ 1 ಕೆವಿಎ ಯುಪಿಎಸ್ ಬೇಕೇ ಬೇಕು. ಕರೆಂಟ್ ಹೋದಾಗ ಫ್ಯಾನೂ ನಿಂತು ಲ್ಯಾಂಪ್ ಬಿಸಿಯಲ್ಲೇ ಉಳಿಯುತ್ತೆ, ಕರೆಂಟ್ ಬಂದ ಕೂಡಲೇ ಆನ್ ಮಾಡಿದ್ರೆ ಹತ್ತಲ್ಲ, ಆಯಸ್ಸೂ ಕಮ್ಮಿ.

ಬಟವಾಡಿ ಮ್ಯಾಟಿನಿ

ತುಂಬಾ ಉಪಕಾರ ಆಯ್ತು ಎಲ್ಲರಿಗೂ. ಇನ್ನೊಂದು ಉಳೀತು. ಜಾಯ್ಸ್ ಅನ್ನೋಳು ಹೆಲೆನ್‌ಗೆ ಮಲಮಗಳು, ಆದರೆ ಹೆಸರು ಹಿಡಿದು ಕರೀತಾಳೆ. ‘ಚಿಕ್ಕಮ್ಮ’ ಅಂತ ಮಾಡ್ಲಾ? ಮತ್ತೆ ಆ ನಗುವಿನ ವಿಷಯ?

ಗುಬ್ಬಿ ಪರದೆ

ಚಿಕ್ಕಮ್ಮ ಬೇಡ. ನಮ್ಮ ಕಥೆ, ಸಿನಿಮಾಗಳಲ್ಲಿ ಅಪ್ಪನ ಎರಡನೇ ಹೆಂಡತಿ ಚಿಕ್ಕಮ್ಮನಾಗಿ ಬಂದಳೋ, ಅನ್ನಕ್ಕೆ ವಿಷ ಹಾಕೋಕೇ ಬಂದಳು ಅಂತ ಜನ ಕಾಯ್ತಾರೆ. ಇಲ್ಲಿ ಇಬ್ಬರೂ ಗೆಳತಿಯರ ಹಾಗೆ, ಮದುವೆಯಾಗಿ ಆರು ತಿಂಗಳಾಗಿರುತ್ತೆ ಅಷ್ಟೆ. ‘ಹೆಲೆನ್’ ಅಂತಲೇ ಕರೀಲಿ, ‘ನೀನು’ ಅನ್ನಲಿ. ಮೊದಲ ಸಲ ಮಾತ್ರ ‘ಅಪ್ಪ ನಿನ್ನ ಮದುವೆ ಆದಮೇಲೆ’ ಅನ್ನೋ ಥರ ಸಂಬಂಧ ತಿಳಿಯೋ ಹಾಗೆ ಹೊಂದಿಸಿ. ಪುಟ್ಟ ಹುಡುಗಿ ಜೂಡಿ ಬಾಯಲ್ಲಿ ‘ಆಂಟಿ’ ಹಾಕಿದರೆ ಯಾರಿಗೂ ಅಡ್ಡಿಯಾಗಲ್ಲ.

ನಗುವಿನ ಬಗ್ಗೆ ಚಿಂತೆ ಬಿಡಿ. ಗುಬ್ಬಿ ವೀರಣ್ಣನವರ ಕಂಪನಿ ಹುಟ್ಟಿದ ಜಿಲ್ಲೆ ಇದು. ಕಂಪನಿ ನಾಟಕದಲ್ಲಿ ಕಾಡಲ್ಲಿ ಕಳೆದುಹೋದವರು ಸರಿಯಾದ ಹೊತ್ತಿಗೆ ಸರಿಯಾದ ಮರದ ಕೆಳಗೇ ಸಿಗ್ತಾರೆ, ಯಾರೂ ತಕರಾರು ತೆಗೆದಿಲ್ಲ. ನಗು ಬರೋದು ಕಾಕತಾಳೀಯಕ್ಕಲ್ಲ, ಅದಕ್ಕೆ ನೀವು ಮೊದಲೇ ಮೈಕಲ್ಲಿ ಕ್ಷಮೆ ಕೇಳಿದಾಗ. ‘ಸ್ವಲ್ಪ ಹಳೇ ಶೈಲಿ, ಸಹಿಸಿಕೊಳ್ಳಿ’ ಅಂತ ಹೇಳೋಕೆ ಹೋಗಬೇಡಿ. ಎರಡು ನಿಮಿಷದಲ್ಲಿ ಸರ್ಕ್ 1937ರಲ್ಲಿ ಜರ್ಮನಿ ಬಿಟ್ಟು ಬಂದವರು, ರಂಗಭೂಮಿಯಿಂದ ಸಿನಿಮಾಗೆ ಬಂದವರು ಅಂತ ಹೇಳಿ ದೀಪ ಆರಿಸಿ. 6 ಗಂಟೆ ಅಂದರೆ 6:20ಕ್ಕೆ ಬರೋ ಊರು ನಮ್ಮದು, ಯಂತ್ರದ ವಿಷಯ ತಪ್ಪಿಹೋಗುತ್ತೆ. ಕರಪತ್ರದಲ್ಲಿ 5:40 ಅಂತ ಹಾಕಿ.

ಟೀ ಬಿಡುವು ಬೇಕೇ ಬೇಕು ಅಂದರೆ ಹೆಲೆನ್ ಸ್ವಿಟ್ಜರ್ಲೆಂಡಿಗೆ ಹೊರಡೋ ಹಂತದಲ್ಲಿ ನಿಲ್ಲಿಸಿ. ಅಲ್ಲಿಗೆ ಹೋದಮೇಲೆ ನಿಲ್ಲಿಸಿದ್ರೆ ಡಾಕ್ಟರುಗಳ ತೀರ್ಪಿಗೂ ಮೆರಿಕ್‌ನ ಮಾತಿಗೂ ನಡುವೆ ಲೋಟಗಳ ಸದ್ದು ಬೀಳುತ್ತೆ.

ಕತ್ತರಿ ಪ್ರಯೋಗ, ಕೋಲಾರ

ಕನ್ನಡ ಅಚ್ಚು ಹಾಕಿದ ಪ್ರತಿಯನ್ನ ಯೂಟ್ಯೂಬಿಗೆ ಏರಿಸಬೇಡಿ. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ, ಅಮೆರಿಕದಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಸಂಗೀತದ ಹಕ್ಕಿನ ಲೆಕ್ಕ ಬೇರೆ, ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರದ ಪ್ರಶ್ನೆಯೂ ಬೇರೆ. ಕರಪತ್ರ ಅಚ್ಚಿಗೆ ಕೊಡೋ ಮುಂಚೆ ಇವೆರಡನ್ನೂ ವಕೀಲರ ಹತ್ತಿರ ಕೇಳಿಕೊಳ್ಳಿ. ಸಬ್‌ಟೈಟಲ್ ಫೈಲನ್ನ ಬೇರೆಯಾಗಿ ಎರಡು ಪೆನ್‌ಡ್ರೈವಲ್ಲಿ ಇಟ್ಟಿರಿ, ಪ್ರದರ್ಶನದ ಹಿಂದಿನ ದಿನ ಅದೇ ಲ್ಯಾಪ್‌ಟಾಪ್, ಅದೇ ಕೇಬಲ್‌ನಲ್ಲಿ ಕೊನೇ ಹತ್ತು ನಿಮಿಷ ಓಡಿಸಿ ನೋಡಿ. ಮೊದಲ ಹತ್ತು ನಿಮಿಷ ನೋಡಿದ್ರೆ ಜಾರಿಕೆ ಗೊತ್ತಾಗಲ್ಲ.